ಸಕ್ಸಸ್ ಆಯಿತಾ ಡಾಕ್ಟರೇ?

(ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಅಂದು ಬಾಯಿಗೆ ಬಂದ ಕೆಲವು ತಮಾಷೆಗಳನ್ನು ಬಿಟ್ಟಿದ್ದೇನೆ, ನೆನಪಿಗೆ ಬಾರದ ಒಂದೆರಡು ಅಂಕಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಕ್ತನಾಳದ ಮೂಲಕ ಹೃದಯಕ್ಕೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಗೆ ಕ್ಯಾಥ್ ಲ್ಯಾಬ್ ಎನ್ನುತ್ತೇವೆ. ಅದರ ಬಾಗಿಲು ಕೊಂಚ ಅಲುಗಿದರೆ ಸಾಕು, ಹೊರಗಿನ ಬೆಂಚಿನ ಮೇಲೆ ಕುಳಿತವರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಬಂದವನು ಡಾಕ್ಟರೋ ಕಸದ ಚೀಲ ಒಯ್ಯುವ ಹುಡುಗನೋ ಎಂದು ನೋಡುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಇಪ್ಪತ್ತಾರು ವರ್ಷ ನಾನು ಅಂಥ ಬಾಗಿಲುಗಳಿಂದ ಹೊರಗೆ ಬಂದಿದ್ದೇನೆ. ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಹೊತ್ತು ಹೊತ್ತು ಸೊಂಟ ಕೆಟ್ಟಿದೆ. ಕಿವಿ ಮಾತ್ರ ಇನ್ನೂ ಚೆನ್ನಾಗಿದೆ. ಆ ಕಿವಿಗೆ ಪ್ರತಿ ಸಲವೂ ಬಿದ್ದ ಮೊದಲ ಪ್ರಶ್ನೆ ಒಂದೇ: "ಸಕ್ಸಸ್ ಆಯಿತಾ ಡಾಕ್ಟರೇ?"

ನಾನು "ಆಯಿತು" ಎಂದು ತಲೆಯಾಡಿಸುತ್ತಿದ್ದೆ. ಸುಳ್ಳಲ್ಲ. ಆದರೆ ನಾನು ಹೇಳುತ್ತಿದ್ದುದು ಒಂದು, ಅವರು ಕೇಳಿಸಿಕೊಳ್ಳುತ್ತಿದ್ದುದು ಇನ್ನೊಂದು. ಕಿರಿದಾಗಿದ್ದ ರಕ್ತನಾಳ ತೆರೆದುಕೊಂಡಿತು, ಪರದೆಯ ಮೇಲೆ ಚಿತ್ರ ಚೆನ್ನಾಗಿ ಬಂತು, ಇಷ್ಟೇ ನನ್ನ ಅರ್ಥ. ಅಪ್ಪ ಇನ್ನು ಗಟ್ಟಿ, ಇನ್ನು ಹೃದಯದ ಚಿಂತೆಯಿಲ್ಲ ಎಂಬುದು ಅವರ ಅರ್ಥ. ಈ ಎರಡರ ನಡುವೆ ಒಂದು ದೊಡ್ಡ ಕಂದಕವಿದೆ. ನಾನು ಕಂಡ ತೊಂದರೆಗಳಲ್ಲಿ ಬಹಳಷ್ಟು ಹುಟ್ಟಿದ್ದು ಆ ಕಂದಕದಲ್ಲಿಯೇ. ಮೇಜಿನ ಮೇಲೆ ಆಗುವ ಅವಘಡಗಳನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ನನ್ನ ಕಣ್ಣು ಆ ಕಂದಕದ ಮೇಲೆಯೇ ಇರುತ್ತದೆ ಎಂದು ಮೊದಲೇ ತಿಳಿಸಿಬಿಡುತ್ತೇನೆ.

ಮೊದಲು ಈ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ. ಬೇರೆ ವಿದ್ಯೆಗಳಿಗೆ ಗುರುಪರಂಪರೆ ಇರುತ್ತದೆ. ಇದಕ್ಕೆ ಅವಘಡಗಳ ಪರಂಪರೆ ಇದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ 25 ವರ್ಷದ ಕಿರಿಯ ವೈದ್ಯ, ಮೇಲಿನವರು ಬೇಡವೆಂದರೂ ಕೇಳದೆ, ತನ್ನದೇ ತೋಳಿನ ರಕ್ತನಾಳಕ್ಕೆ ಮೂತ್ರದ ನಾಳಕ್ಕೆ ಹಾಕುವ ತೆಳ್ಳನೆಯ ಕೊಳವೆಯನ್ನು ತೂರಿಸಿಕೊಂಡ. ಸಲಕರಣೆಗಳ ಕಪಾಟಿನ ಕೀಲಿ ನರ್ಸ್ ಹತ್ತಿರ ಇತ್ತು. "ನನ್ನ ಮೇಲೆಯೇ ಮಾಡಿ" ಎಂದು ಆಕೆ ಒಪ್ಪಿಕೊಂಡಿದ್ದರು. ಈತ ಅವರನ್ನು ಮೇಜಿಗೆ ಕಟ್ಟಿ ಮಲಗಿಸಿ, ಸದ್ದಿಲ್ಲದೆ ಕೊಯ್ದುಕೊಂಡದ್ದು ತನ್ನ ತೋಳನ್ನು! ಕೊಳವೆ ಒಳಗಿರುವಾಗಲೇ ಮೆಟ್ಟಿಲು ಇಳಿದು ಎಕ್ಸ್‌ರೇ ಕೋಣೆಗೆ ನಡೆದ. 65 ಸೆಂಟಿಮೀಟರ್ ಒಳಗೆ ಹೋಗಿತ್ತು, ತುದಿ ಹೃದಯದ ಬಲ ಭಾಗದಲ್ಲಿತ್ತು. ಬಹುಮಾನವಾಗಿ ಸಿಕ್ಕಿದ್ದು ಬೈಗುಳ. ನೊಬೆಲ್ ಬಂದದ್ದು 1956ರಲ್ಲಿ.

1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಒಬ್ಬ ತರುಣನ ಹೃದಯದ ಚಿತ್ರ ತೆಗೆಯುತ್ತಿದ್ದರು. ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಮಹಾಪಧಮನಿಗೆ ಹಾಕಬೇಕಿದ್ದ ದ್ರವ, ಅಂದರೆ ಡೈ, ಕೊಳವೆ ಜಾರಿ, ನೇರವಾಗಿ ಹೃದಯದ ಬಲ ರಕ್ತನಾಳಕ್ಕೇ ನುಗ್ಗಿತು. ಹಾಗೆ ನುಗ್ಗಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಆ ಕಾಲದವರೆಲ್ಲ ನಂಬಿದ್ದರು. ಹೃದಯ ನಿಂತಿತು. ಸೋನ್ಸ್ "ಕೆಮ್ಮು! ಕೆಮ್ಮು!" ಎಂದು ಕೂಗಿದರು. ಆತ ಕೆಮ್ಮಿದ, ಹೃದಯ ಮತ್ತೆ ಬಡಿಯಿತು. ಇಂದು ಊರೂರಲ್ಲಿ ಆಗುವ ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಗಳ ಚಿತ್ರ ತೆಗೆಯುವುದು, ಹುಟ್ಟಿದ್ದು ಆ ಕೆಮ್ಮಿನಿಂದ.

ಬಲೂನಿನ ಕಥೆ 1977ರದು. ಆಂಡ್ರಿಯಾಸ್ ಗ್ರೂನ್‌ಜಿಗ್ ಎಂಬ ವೈದ್ಯರು ಜೂರಿಕ್‌ನ ತಮ್ಮ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಹೆಂಡತಿಯನ್ನೂ ಸಹಾಯಕಿಯನ್ನೂ ಕೂರಿಸಿಕೊಂಡು ಪುಟ್ಟ ಬಲೂನುಗಳನ್ನು ಮಾಡಿದರು. ಆ ವರ್ಷ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬರ ಹೃದಯದ ರಕ್ತನಾಳವನ್ನು ಅಂಥ ಬಲೂನಿನಿಂದ ಹಿಗ್ಗಿಸಿದರು. ಇದೇ ಆಂಜಿಯೋಪ್ಲಾಸ್ಟಿ. ಗ್ರೂನ್‌ಜಿಗ್ ಬಗ್ಗೆ ನನಗೆ ಹೆಚ್ಚು ಗೌರವ ಬರುವುದು ಅದರ ಮುಂದಿನ ಹೆಜ್ಜೆಗೆ. ಮೊದಲ ಐವತ್ತು ರೋಗಿಗಳ ಲೆಕ್ಕವನ್ನು ಅವರು 1979ರಲ್ಲಿ ಇದ್ದದ್ದು ಇದ್ದ ಹಾಗೆ ಪ್ರಕಟಿಸಿದರು. 50ರಲ್ಲಿ 32 ಜನರಿಗೆ ಫಲ ಸಿಕ್ಕಿತು, 5 ಜನರನ್ನು ತುರ್ತಾಗಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಯಿತು. ಹತ್ತರಲ್ಲಿ ಒಬ್ಬರು! ಇಂದು ಹಾಗೆ ತುರ್ತಾಗಿ ಎದೆ ತೆರೆಯಬೇಕಾಗುವುದು ಇನ್ನೂರರಲ್ಲಿ ಒಬ್ಬರಿಗೂ ಇಲ್ಲ. ತಮ್ಮ ಸೋಲನ್ನು ಎಣಿಸಿ ಬರೆದವರಿಂದಾಗಿಯೇ ಈ ಅಂಕಿ ಇಳಿದದ್ದು. ನಮ್ಮಲ್ಲಿ ಹೊಸ ಚಿಕಿತ್ಸೆ ಮಾಡಿದ ಮೂರನೆಯ ದಿನ ಪತ್ರಿಕಾಗೋಷ್ಠಿ ಇರುತ್ತದೆ, ರೋಗಿಯ ಕೈಗೆ ಹೂಗುಚ್ಛ ಕೊಟ್ಟು ಫೋಟೋ ತೆಗೆಸುತ್ತಾರೆ. ಮೂರನೆಯ ತಿಂಗಳಲ್ಲಿ ಆ ರೋಗಿ ಹೇಗಿದ್ದಾರೆ ಎಂದು ಯಾವ ವರದಿಗಾರರೂ ಕೇಳಿದ್ದನ್ನು ನಾನು ಕಂಡಿಲ್ಲ. ವರದಿಗಾರರನ್ನು ಬೈದು ಪ್ರಯೋಜನವಿಲ್ಲ, ನಾವೂ ಕರೆಯುವುದಿಲ್ಲ.

ಈಗ ಅಂಕಿಗಳಿಗೆ ಬರೋಣ. "ಅಪಾಯ ಎಷ್ಟು ಪರ್ಸೆಂಟ್?" ಎಂದು ಕೇಳುತ್ತೀರಿ. ಒಂದೇ ಉತ್ತರವಿಲ್ಲ. ಬರೀ ಆಂಜಿಯೋಗ್ರಾಂ ಆದರೆ ಜೀವ ಹೋಗುವ ಅಪಾಯ ಸಾವಿರದಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ. ಮುಂಚಿತವಾಗಿ ದಿನ ಗೊತ್ತುಮಾಡಿ ಮಾಡುವ ಆಂಜಿಯೋಪ್ಲಾಸ್ಟಿಯಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹೃದಯಾಘಾತವಾಗುತ್ತಿರುವಾಗಲೇ ಮಾಡಿದರೆ ನೂರಕ್ಕೆ ನಾಲ್ಕೈದು. ಹೃದಯಾಘಾತದಿಂದ ರಕ್ತದೊತ್ತಡ ಕುಸಿದು, ಮೈ ತಣ್ಣಗಾಗಿ, ಮೂತ್ರ ನಿಂತ ಸ್ಥಿತಿಯಲ್ಲಿ ಬಂದವರಲ್ಲಿ ನೂರಕ್ಕೆ ನಲವತ್ತರಿಂದ ಐವತ್ತು. ನಾಲ್ಕೂ ಕಡೆ ಅದೇ ತಂತಿ, ಅದೇ ಕೊಳವೆ, ಅದೇ ಮೇಜು. ಅಂದ ಮೇಲೆ ಅಪಾಯ ಇರುವುದು ಕೊಳವೆಯಲ್ಲಿಯೋ, ರೋಗಿ ಬಂದ ಗಳಿಗೆಯಲ್ಲಿಯೋ? ನಿಮ್ಮ ಪಕ್ಕದ ಮನೆಯವರಿಗೆ "ಏನೂ ಆಗಲಿಲ್ಲ, ಮಾರನೆಯ ದಿನ ಇಡ್ಲಿ ತಿಂದು ಮನೆಗೆ ಬಂದರು" ಎಂಬುದು ನಿಮ್ಮ ತಂದೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ ನಿಮ್ಮ ಸೋದರಮಾವ ಮೇಜಿನ ಮೇಲೆ ತೀರಿಕೊಂಡರು ಎಂಬುದೂ.

ಕೊಳವೆ ಎಲ್ಲಿಂದ ಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಾನು ಕಲಿತ ಕಾಲದಲ್ಲಿ ಎಲ್ಲವೂ ತೊಡೆಸಂದಿನಿಂದ. ಕೊಳವೆ ತೆಗೆದ ಮೇಲೆ ನಮ್ಮಂಥ ಕಿರಿಯರು ಇಪ್ಪತ್ತು ನಿಮಿಷ ಅಂಗೈಯಿಂದ ಒತ್ತಿ ಹಿಡಿಯಬೇಕು, ರೋಗಿ ಗಂಟೆಗಟ್ಟಲೆ ಕಾಲು ಮಡಿಸದೆ ಮಲಗಬೇಕು. ಮೂತ್ರವೂ ಮಲಗಿದಲ್ಲಿಯೇ. ವಯಸ್ಸಾದ ಹೆಂಗಸರಿಗೆ ಹೃದಯದ ಭಯಕ್ಕಿಂತ ಆ ನಾಚಿಕೆಯೇ ದೊಡ್ಡದಾಗಿರುತ್ತಿತ್ತು. ಒತ್ತಿದ ಕೈ ಸ್ವಲ್ಪ ಸಡಿಲಿಸಿದರೆ ಅಲ್ಲಿ ರಕ್ತ ಶೇಖರವಾಗಿ ಗಡ್ಡೆ ಕಟ್ಟುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ ರಕ್ತ ಹೊರಗೆ ಕಾಣದೆ ಹೊಟ್ಟೆಯ ಹಿಂಭಾಗಕ್ಕೆ ಇಳಿಯುವುದು. ರೋಗಿ "ಯಾಕೋ ಸೊಂಟ ನೋವು" ಎನ್ನುತ್ತಾರೆ, ಬಿಳಿಚಿಕೊಳ್ಳುತ್ತಾರೆ, ಹಾಸಿಗೆಯ ಬಟ್ಟೆ ಮಾತ್ರ ಸ್ವಚ್ಛವಾಗಿರುತ್ತದೆ. ಸೊಂಟ ನೋವು ಎಂದರೆ ಓಡಿ ಹೋಗಿ ನೋಡು ಎಂದು ನಮ್ಮ ಹಿರಿಯ ನರ್ಸ್ ಒಬ್ಬರು ಹೇಳಿಕೊಟ್ಟದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚು ಜೀವ ಉಳಿಸಿದೆ.

ಮಣಿಕಟ್ಟಿನಿಂದ ಹೋಗಬಹುದು ಎಂದು 1989ರಲ್ಲಿ ಕೆನಡಾದ ಲೂಸಿಯನ್ ಕಾಂಪೊ ತೋರಿಸಿದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೀಮೆನೈ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿಯನ್ನೂ ಮಾಡಿದರು. ನಮ್ಮ ತಲೆಮಾರಿನ ಹಲವರು, ನಾನೂ ಸೇರಿ, ಬಹಳ ದಿನ ಇದನ್ನು ಕೈಚಳಕದ ಹುಚ್ಚು ಎಂದು ತಳ್ಳಿಹಾಕಿದೆವು. ಆಮೇಲೆ ಲೆಕ್ಕ ಬಂತು. 2011ರಲ್ಲಿ 7,021 ರೋಗಿಗಳ ಅಧ್ಯಯನದಲ್ಲಿ ರಕ್ತನಾಳಕ್ಕೆ ದೊಡ್ಡ ಪೆಟ್ಟಾಗುವುದು ತೊಡೆಯ ದಾರಿಯಲ್ಲಿ ನೂರಕ್ಕೆ 3.7, ಕೈಯ ದಾರಿಯಲ್ಲಿ 1.4. 2015ರಲ್ಲಿ 8,404 ರೋಗಿಗಳಲ್ಲಿ ಸಾವಿನ ಪ್ರಮಾಣವೇ 2.2ರಿಂದ 1.6ಕ್ಕೆ ಇಳಿದಿತ್ತು. ಹೃದಯದೊಳಗೆ ಮಾಡಿದ ಕೆಲಸ ಎರಡೂ ಕಡೆ ಒಂದೇ, ಒಳಹೊಕ್ಕ ಬಾಗಿಲು ಮಾತ್ರ ಬೇರೆ. ನನ್ನ ಹಟ ಕರಗಿದ್ದು ಆಗ. ಕೈಯ ದಾರಿಯಲ್ಲಿಯೂ ತೊಂದರೆ ಇಲ್ಲವೆಂದಲ್ಲ. ಕೆಲವರಲ್ಲಿ ಆ ನಾಳ ಆಮೇಲೆ ಮುಚ್ಚಿಹೋಗುತ್ತದೆ. ಕಿರುಬೆರಳಿನ ಕಡೆಯ ಇನ್ನೊಂದು ನಾಳ ಅಂಗೈಗೆ ರಕ್ತ ಕೊಡುವುದರಿಂದ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಇನ್ನು ನನ್ನದೇ ಒಂದು ಕಥೆ. ಇದನ್ನು ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು.

ನಮ್ಮ ನಾಡಿನಲ್ಲಿ ಹೃದಯದ ರೋಗವೆಂದರೆ ಬ್ಲಾಕ್ ಒಂದೇ ಅಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು, ಜ್ವರ ಬಂದು ಹೋಗಿರುತ್ತದೆ. ಹತ್ತಾರು ವರ್ಷಗಳ ಮೇಲೆ ಹೃದಯದ ಎಡಭಾಗದ ಮೇಲಿನ ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟ ಗಡುಸಾಗಿ ಅಂಟಿಕೊಳ್ಳುತ್ತದೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಗಿಲು ಒಂದು ಚದರ ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಹೆಚ್ಚಾಗಿ ಬಡವರ ಮನೆಯ ಹೆಣ್ಣುಮಕ್ಕಳಲ್ಲಿ, ಹೆಚ್ಚಾಗಿ ಬಸುರಿಯಾದಾಗಲೇ ಗೊತ್ತಾಗುವ ರೋಗ ಇದು. ಜಪಾನಿನ ಕಾಂಜಿ ಇನೌಯೆ 1980ರ ದಶಕದ ಆರಂಭದಲ್ಲಿ ಇದಕ್ಕೊಂದು ಬಲೂನ್ ಕಂಡುಹಿಡಿದರು. ತೊಡೆಯಿಂದ ಹೋಗಿ, ಹೃದಯದ ಬಲ ಎಡ ಮೇಲ್ಕೋಣೆಗಳ ನಡುವಿನ ತೆಳು ಗೋಡೆಗೆ ಸೂಜಿಯಿಂದ ತೂತು ಮಾಡಿ, ಎಡಕ್ಕೆ ದಾಟಿ, ಕವಾಟದಲ್ಲಿ ಬಲೂನನ್ನು ಕೆಲವೇ ಕ್ಷಣ ಉಬ್ಬಿಸಿ ಇಳಿಸುವುದು. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಇದನ್ನು ಬಹಳ ದೊಡ್ಡ ಸಂಖ್ಯೆಯಲ್ಲಿ ಮಾಡಿದ್ದಾರೆ. ಕ್ಯಾಥ್ ಲ್ಯಾಬಿನಲ್ಲಿ ಇಷ್ಟು ಸಂತೋಷ ಕೊಡುವ ಕೆಲಸ ಇನ್ನೊಂದಿಲ್ಲ. ಬಲೂನ್ ಇಳಿದ ಕ್ಷಣಕ್ಕೇ ಪರದೆಯ ಮೇಲಿನ ಒತ್ತಡದ ಗೆರೆ ಕುಸಿಯುತ್ತದೆ. ಅರೆಕುಳಿತು ನಿದ್ದೆ ಮಾಡುತ್ತಿದ್ದ ಹುಡುಗಿ ಆ ರಾತ್ರಿ ಅಂಗಾತ ಮಲಗುತ್ತಾಳೆ.

ನಾನಾಗ ಈ ಕೆಲಸದಲ್ಲಿ ಹೊಸಬನೂ ಅಲ್ಲ, ನುರಿತವನೂ ಅಲ್ಲ. ಅದೇ ಅತ್ಯಂತ ಅಪಾಯದ ಹಂತ. ಬೈಕ್ ಕಲಿಯುವವರನ್ನು ಕೇಳಿ. ಇಪ್ಪತ್ತೆರಡು ವರ್ಷದ ಹೆಣ್ಣುಮಗಳು, ಗಂಡ ಇಟ್ಟಿಗೆ ಗೂಡಿನಲ್ಲಿ ಕೆಲಸ. ಆ ಗೋಡೆಯಲ್ಲಿ ಸೂಜಿ ಹಾಕಬೇಕಾದ ಜಾಗ ಹೆಬ್ಬೆಟ್ಟಿನ ಉಗುರಿನಷ್ಟು. ಸ್ವಲ್ಪ ಹಿಂದೆ ಹೋದರೆ ಹೃದಯದ ಹೊರಕ್ಕೇ ದಾಟುತ್ತೇವೆ. ನಾನು ಚುಚ್ಚಿದೆ. ಸರಿಯಾಗಿದೆ ಅನ್ನಿಸಿತು. ಎರಡು ನಿಮಿಷವಾದ ಮೇಲೆ ಆಕೆ "ಏನೋ ಒಂಥರಾ ಆಗುತ್ತಿದೆ" ಎಂದಳು. ಒತ್ತಡ 110ರಿಂದ 70ಕ್ಕೆ. ಎಕ್ಸ್‌ರೇ ಪರದೆಯಲ್ಲಿ ಹೃದಯದ ಅಂಚು ಮಿಡಿಯುವುದೇ ನಿಂತಂತೆ ಕಂಡಿತು. ರಕ್ತ ಹೃದಯದಿಂದ ಸೋರಿ, ಅದನ್ನು ಸುತ್ತಿದ ಪೊರೆಯೊಳಗೆ ತುಂಬಿ, ಹೃದಯವನ್ನು ಹೊರಗಿನಿಂದ ಹಿಸುಕುತ್ತಿತ್ತು. ಎದೆಮೂಳೆಯ ಕೆಳತುದಿಯಿಂದ ಸೂಜಿ ಹಾಕಿ, ಒಂದು ಕೊಳವೆ ಬಿಟ್ಟು ರಕ್ತ ಎಳೆಯಲು ತೊಡಗಿದೆವು. ಎಳೆದದ್ದನ್ನು ಹಾಗೆಯೇ ತೊಡೆಯ ರಕ್ತನಾಳಕ್ಕೆ ಮರಳಿಸಿದೆವು. ಆ ಹೊತ್ತು ಕೋಣೆಯಲ್ಲಿ ಮಾತಿಲ್ಲ, ಸಿರಿಂಜಿನ ಸದ್ದು ಮಾತ್ರ. ಸೋರುವುದು ತಾನಾಗಿಯೇ ನಿಂತಿತು. ಒತ್ತಡ ಏರಿತು.

ಹೊರಗೆ ಬಂದೆ. ಗಂಡ ಎದ್ದು ನಿಂತ. "ಸಕ್ಸಸ್ ಆಯಿತಾ ಸಾರ್?"

"ಇಲ್ಲ" ಎಂದೆ. "ಸೂಜಿ ತಪ್ಪು ಜಾಗಕ್ಕೆ ಹೋಯಿತು. ನನ್ನ ಕೈಯಿಂದ ಆದದ್ದು. ಜೀವಕ್ಕೆ ಈಗ ಅಪಾಯವಿಲ್ಲ, ಕವಾಟದ ಕೆಲಸ ಆಗಿಲ್ಲ." ಆತ ಸಿಟ್ಟಾಗಲಿಲ್ಲ. ನನ್ನ ಮುಖವನ್ನೇ ನೋಡಿ, "ನೀವು ಕುಳಿತುಕೊಳ್ಳಿ ಸಾರ್" ಎಂದು ಬೆಂಚಿನ ಮೇಲೆ ಜಾಗ ಬಿಟ್ಟ. ಮೂರು ವಾರದ ಮೇಲೆ ನನ್ನ ಹಿರಿಯರು ಅದೇ ಕೆಲಸವನ್ನು ಮುಗಿಸಿಕೊಟ್ಟರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಸೂಜಿ ಚುಚ್ಚುವ ಮುಂಚೆ ಅವರು ಇನ್ನೊಂದು ಕೋನದಿಂದ ಪರದೆ ತಿರುಗಿಸಿ ನೋಡಿದರು. ಅಂದು ನಾನು ಬಿಟ್ಟದ್ದು ಅದೊಂದನ್ನೇ.

ಇದೇ ಚಿಕಿತ್ಸೆಯಲ್ಲಿ ಬಲೂನಿನಿಂದ ಕವಾಟ ಹರಿದು ರಕ್ತ ಹಿಮ್ಮುಖವಾಗಿ ಸೋರುವುದೂ ಉಂಟು, ಅಂಥವರಲ್ಲಿ ಕೆಲವರಿಗೆ ಕವಾಟವನ್ನೇ ಬದಲಿಸಬೇಕಾಗುತ್ತದೆ. ಎಡ ಮೇಲ್ಕೋಣೆಯಲ್ಲಿ ಹೆಪ್ಪು ಕೂತಿದ್ದರೆ ಅದು ಮಿದುಳಿಗೆ ಹಾರಬಹುದು. ಅದಕ್ಕೇ ಗಂಟಲಿನಿಂದ ಕೊಳವೆ ಇಳಿಸಿ ಎಕೋ, ಅಂದರೆ ಶಬ್ದತರಂಗದಿಂದ ಹೃದಯ ನೋಡುವ ಪರೀಕ್ಷೆ, ಮಾಡುವುದು. ಆ ಪರೀಕ್ಷೆಗೆ ರೋಗಿಗಳು ಮುಖ ಕಿವುಚುತ್ತಾರೆ. ದಯವಿಟ್ಟು ಬೇಡವೆನ್ನಬೇಡಿ.

ಬ್ಲಾಕಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ರೋಗಗಳಿಗೆ ನಾವು ಒಂದೇ ಹೆಸರು ಇಟ್ಟುಕೊಂಡು ಕೂತಿದ್ದೇವೆ. ರಾತ್ರಿ ಎರಡು ಗಂಟೆಗೆ ಎದೆಯ ಮೇಲೆ ಬಂಡೆ ಇಟ್ಟಂತಾಗಿ, ಬೆವರಿ, ರಕ್ತನಾಳ ಪೂರ್ತಿ ಮುಚ್ಚಿದ್ದು ಒಂದು. ಆಗ ಆಂಜಿಯೋಪ್ಲಾಸ್ಟಿ ಜೀವ ಉಳಿಸುತ್ತದೆ, ಅದರಲ್ಲಿ ವಾದವೇ ಇಲ್ಲ. ಅಲ್ಲಿನ ದೊಡ್ಡ ತೊಡಕು ತಡ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು, ಓಮಿನ ಕಾಳು ಅಗಿದು, ಬೆಳಗಾಗಲಿ ಎಂದು ಕೂತವರ ಹೃದಯದ ಸ್ನಾಯು ಅಷ್ಟರಲ್ಲಿ ಸತ್ತಿರುತ್ತದೆ. ಆಮೇಲೆ ನಾವು ನಾಳ ತೆರೆದರೆ ಸತ್ತ ಗದ್ದೆಗೆ ನೀರು ಬಿಟ್ಟಂತೆ. ಎರಡು ಗಂಟೆಯೊಳಗೆ ಕ್ಯಾಥ್ ಲ್ಯಾಬ್ ತಲುಪಲಾಗದ ಊರುಗಳಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಅದನ್ನು ಉಚಿತವಾಗಿ ಕೊಡುತ್ತಾರೆ. ಅದಕ್ಕೂ ತನ್ನದೇ ಅಪಾಯವಿದೆ: ನೂರರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. 75 ದಾಟಿದವರಿಗೆ ಅರ್ಧ ಡೋಸ್ ಕೊಡುವುದು ಅದೇ ಕಾರಣಕ್ಕೆ. ಆದರೂ ಘಟ್ಟದ ರಸ್ತೆಯಲ್ಲಿ ಮೂರು ಗಂಟೆ ಆಂಬುಲೆನ್ಸಿನಲ್ಲಿ ಕೂತು ದೊಡ್ಡ ಆಸ್ಪತ್ರೆಗೇ ಹೋಗುತ್ತೇನೆ ಎನ್ನುವುದಕ್ಕಿಂತ, ಮೊದಲು ತಾಲ್ಲೂಕಿನಲ್ಲಿ ಇಂಜೆಕ್ಷನ್ ತೆಗೆದುಕೊಂಡು ಆಮೇಲೆ ಹೊರಡುವುದು ಲೇಸು.

ಇನ್ನೊಂದು ರೋಗ ಬೇರೆ. ಗುಡ್ಡ ಹತ್ತಿದರೆ ಎದೆ ಬಿಗಿಯುತ್ತದೆ, ನಿಂತರೆ ಹೋಗುತ್ತದೆ. ವರ್ಷದಿಂದ ಹೀಗೆಯೇ ಇದೆ. ಇಲ್ಲಿ ಸ್ಟೆಂಟ್, ಅಂದರೆ ಹಿಗ್ಗಿಸಿದ ನಾಳವನ್ನು ತೆರೆದಿಡುವ ಪುಟ್ಟ ಲೋಹದ ಜಾಲರಿ, ಹಾಕಿದರೆ ಆಯುಷ್ಯ ಹೆಚ್ಚುತ್ತದೆ ಎಂದು ನಾವು ನಂಬಿದ್ದೆವು, ನಿಮ್ಮನ್ನೂ ನಂಬಿಸಿದೆವು. 2007ರಲ್ಲಿ ಒಂದು ದೊಡ್ಡ ಅಧ್ಯಯನ ಅದನ್ನು ಅಲುಗಾಡಿಸಿತು. 2019ರಲ್ಲಿ ಇನ್ನೊಂದು, 37 ದೇಶಗಳ 5,179 ರೋಗಿಗಳದ್ದು, ಭಾರತದವರೂ ಸೇರಿದ್ದರು, ಅದೇ ಮಾತನ್ನು ಹೇಳಿತು: ಒಳ್ಳೆಯ ಔಷಧದ ಜೊತೆಗೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಔಷಧವನ್ನಷ್ಟೇ ಕೊಟ್ಟರೂ, ಸಾವಿನಲ್ಲಿಯೂ ಹೃದಯಾಘಾತದಲ್ಲಿಯೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಎದೆನೋವು ಕಡಿಮೆಯಾಗುವುದು ನಿಜ. ಆ ನೋವಿನ ಪರಿಹಾರದಲ್ಲಿಯೂ ಎಷ್ಟು ಸ್ಟೆಂಟಿನದು, ಎಷ್ಟು ನಂಬಿಕೆಯದು ಎಂದು ನೋಡಲು ಲಂಡನ್ನಿನವರು ವಿಚಿತ್ರ ಧೈರ್ಯ ಮಾಡಿದರು. ಎಲ್ಲರನ್ನೂ ಮೇಜಿನ ಮೇಲೆ ಮಲಗಿಸಿ, ಅರ್ಧ ಜನರಿಗೆ ಸ್ಟೆಂಟ್ ಹಾಕಿದರು, ಉಳಿದವರಿಗೆ ಹಾಕಿದಂತೆ ನಟಿಸಿದರು. 2017ರ ಮೊದಲ ಪ್ರಯೋಗದಲ್ಲಿ, ಔಷಧ ಚೆನ್ನಾಗಿ ನಡೆಯುತ್ತಿರುವಾಗ, ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. 2023ರ ಎರಡನೆಯದರಲ್ಲಿ, ಎದೆನೋವಿನ ಮಾತ್ರೆ ನಿಲ್ಲಿಸಿ ನೋಡಿದಾಗ, ಸ್ಟೆಂಟ್ ನಿಜವಾಗಿ ನೋವು ತಗ್ಗಿಸಿತು. ಆದರೂ ನೋವು ಪೂರ್ತಿ ನಿಂತದ್ದು ಹತ್ತರಲ್ಲಿ ನಾಲ್ವರಿಗೆ.

ಇದರಿಂದ ಸ್ಟೆಂಟ್ ಮೋಸ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಯಬೇಡಿ. ಎಡಭಾಗದ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದವರನ್ನು ಆ ಅಧ್ಯಯನಗಳಿಗೆ ಸೇರಿಸಿರಲಿಲ್ಲ. ಔಷಧ ತೆಗೆದುಕೊಂಡೂ ಅಂಗಳ ದಾಟಲಾಗದ ಮನುಷ್ಯನಿಗೆ ಸ್ಟೆಂಟ್ ವರವೇ. ನಾನು ಹೇಳುವುದು ಇಷ್ಟು: ನೋವಿಗಾಗಿ ಹಾಕುತ್ತಿರುವುದನ್ನು ನೋವಿಗಾಗಿ ಎಂದೇ ಹೇಳಬೇಕು. "70 ಪರ್ಸೆಂಟ್ ಬ್ಲಾಕ್ ಇದೆ, ಯಾವಾಗ ಬೇಕಾದರೂ ಏನಾದರೂ ಆಗಬಹುದು, ಇವತ್ತೇ ನಿರ್ಧಾರ ಮಾಡಿ" ಎಂದು ಬಾಗಿಲಲ್ಲಿ ನಿಂತು ಹೆದರಿಸಿದರೆ ಯಾವ ಮಗ ಬೇಡ ಎಂದಾನು? ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಸಹಿ ಹಾಕುವವರು ಅಳಿಯ, ರೋಗಿ ಒಳಗೆ ಮೇಜಿನ ಮೇಲೆ. ಅದನ್ನು ಒಪ್ಪಿಗೆ ಎನ್ನಲು ನನಗೆ ಈಗಲೂ ನಾಲಗೆ ಹೊರಳುವುದಿಲ್ಲ.

ಸ್ಟೆಂಟಿಗೆ ನಮ್ಮ ಕಡೆ "ಸ್ಪ್ರಿಂಗ್" ಎನ್ನುತ್ತಾರೆ, ಹೆಸರು ಚೆನ್ನಾಗಿದೆ. ಬರೀ ಬಲೂನ್ ಕಾಲದಲ್ಲಿ ಮೂರರಲ್ಲಿ ಒಬ್ಬರಿಗೆ ಆರು ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. 1986ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಮೊದಲ ಸ್ಪ್ರಿಂಗ್ ಬಂತು, ಆ ಪ್ರಮಾಣ ಇಳಿಯಿತು. ಆಮೇಲೆ ಔಷಧ ಲೇಪಿಸಿದ ಸ್ಪ್ರಿಂಗ್ ಬಂದು ಅದು ಹತ್ತರಲ್ಲಿ ಒಂದಕ್ಕಿಂತಲೂ ಕೆಳಗೆ ಹೋಯಿತು. ಆದರೆ ಒಂದು ರೋಗಕ್ಕೆ ಬದಲು ಇನ್ನೊಂದನ್ನು ತಂದುಕೊಂಡೆವು. ಲೋಹದ ಮೇಲೆ ಒಳಪೊರೆ ಬೆಳೆಯುವುದನ್ನೇ ಆ ಔಷಧ ತಡೆಯುತ್ತದೆ. ಪೊರೆ ಬೆಳೆಯುವವರೆಗೆ ಬರಿ ಲೋಹಕ್ಕೆ ರಕ್ತ ತಾಗುತ್ತಿರುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ನಾವು ಕೊಡುವ ಎರಡು ಮಾತ್ರೆಗಳನ್ನು ಆಗ ನಿಲ್ಲಿಸಿದರೆ ಸ್ಪ್ರಿಂಗಿನೊಳಗೆ ಹಠಾತ್ತಾಗಿ ಹೆಪ್ಪುಗಟ್ಟುತ್ತದೆ. ಮೊದಲ ವರ್ಷದಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಅಪರೂಪವೇ. ಆದರೆ ಆದವರಲ್ಲಿ ಐವರಲ್ಲಿ ಒಬ್ಬರಾದರೂ ಉಳಿಯುವುದಿಲ್ಲ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು. ಹೃದಯಾಘಾತಕ್ಕೆ ಸ್ಟೆಂಟ್ ಹಾಕಿ ಐದು ತಿಂಗಳಾಗಿತ್ತು. ಕೊನೆ ಕೊಯ್ಲಿನ ಕಾಲ, ದವಡೆ ಹಲ್ಲು ನೋವು. ಹಲ್ಲು ಕೀಳುವವರು "ರಕ್ತ ತೆಳು ಮಾಡುವ ಮಾತ್ರೆ ಒಂದು ವಾರ ನಿಲ್ಲಿಸಿ ಬನ್ನಿ" ಎಂದರು. ಇವರು ಶಿಸ್ತಿನ ಮನುಷ್ಯ, ಎರಡನ್ನೂ ನಿಲ್ಲಿಸಿದರು. ನಾಲ್ಕನೆಯ ರಾತ್ರಿ ಜೀಪಿನಲ್ಲಿ ಕರೆತಂದರು. ನಾನೇ ಹಾಕಿದ್ದ ಸ್ಪ್ರಿಂಗ್, ತುದಿಯಿಂದ ತುದಿಗೆ ಹೆಪ್ಪು. ತೆರೆದೆವು, ಉಳಿದರು. ಆದರೆ ಹೃದಯದ ಪಂಪಿನ ಶಕ್ತಿ, ಅಂದರೆ ಪ್ರತಿ ಬಡಿತಕ್ಕೆ ಅದು ಹೊರದೂಡುವ ರಕ್ತದ ಪಾಲು, ನೂರಕ್ಕೆ 55ರಿಂದ 35ಕ್ಕೆ ಇಳಿಯಿತು. ಅನಂತರ ಅವರು ತೋಟಕ್ಕೆ ಇಳಿಯಲಿಲ್ಲ, ಜಗಲಿಯಲ್ಲಿ ಕೂತು ಕೆಲಸದವರಿಗೆ ಹೇಳುತ್ತಿದ್ದರು. ನಾನು ಹಲ್ಲಿನ ವೈದ್ಯರ ಮೇಲೆ ಹರಿಹಾಯಲು ಹೊರಟಿದ್ದೆ. ಅದಕ್ಕೆ ಮುಂಚೆ ನಮ್ಮದೇ ಬಿಡುಗಡೆ ಚೀಟಿಯನ್ನು ತೆಗೆದು ಓದಿದೆ. ಐದು ಪುಟ. ಎಲ್ಲಾ ಇಂಗ್ಲಿಷ್. ಸೋಡಿಯಂ, ಪೊಟ್ಯಾಸಿಯಂ ಎಷ್ಟಿತ್ತು ಎಂದು ಇತ್ತು, ಸ್ಟೆಂಟಿನ ಉದ್ದಗಲ ಇತ್ತು. "ಈ ಎರಡು ಮಾತ್ರೆಗಳನ್ನು ಯಾರು ಹೇಳಿದರೂ ನಮ್ಮನ್ನು ಕೇಳದೆ ನಿಲ್ಲಿಸಬೇಡಿ" ಎಂಬ ಒಂದು ಸಾಲು ಯಾವ ಭಾಷೆಯಲ್ಲಿಯೂ ಇರಲಿಲ್ಲ. ಮಾರನೆಯ ದಿನವೇ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ, ಕನ್ನಡದಲ್ಲಿ, ಕೆಂಪು ಶಾಯಿಯದು. ನೂರಿಪ್ಪತ್ತು ರೂಪಾಯಿ. ನನ್ನ ವೃತ್ತಿಯಲ್ಲಿ ಅಷ್ಟು ಅಗ್ಗದ ಸಲಕರಣೆಯನ್ನು ನಾನು ಬೇರೆ ಕೊಂಡಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಡೈ ಮೂತ್ರಪಿಂಡಕ್ಕೆ ಭಾರ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು; ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ಅಂಶ) ಏರಿದ್ದರೆ ಮೊದಲೇ ತಿಳಿಸಿ. ಹಿಂದೆ ಡೈಯಿಂದ ಮೈ ತುರಿಸಿದ್ದರೆ ಅದನ್ನೂ ಹೇಳಿ. ಪಾರ್ಶ್ವವಾಯು ಸಾವಿರದಲ್ಲಿ ಒಬ್ಬಿಬ್ಬರಿಗೆ.

ಎದೆ ತೆರೆಯದೆ ಮಹಾಪಧಮನಿಯ ಕವಾಟ ಬದಲಿಸುವುದರ ಬಗ್ಗೆಯೂ ಕೇಳುತ್ತೀರಿ. 2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೂವಾನ್‌ನಲ್ಲಿ ಅಲೈನ್ ಕ್ರಿಬಿಯೆ ಅದನ್ನು ಮೊದಲು ಮಾಡಿದರು. ಶಸ್ತ್ರಚಿಕಿತ್ಸಕರು ಕೈಬಿಟ್ಟಿದ್ದ 57 ವರ್ಷದ ರೋಗಿ. ಕವಾಟ ಚೆನ್ನಾಗಿ ಕೆಲಸ ಮಾಡಿತು, ನಾಲ್ಕು ತಿಂಗಳ ಮೇಲೆ ಅವರು ಬೇರೆ ಕಾರಣದಿಂದ ತೀರಿಕೊಂಡರು. "ಸಕ್ಸಸ್" ಎಂಬ ಪದವನ್ನು ಇಲ್ಲಿ ಎಲ್ಲಿ ಇಡುತ್ತೀರಿ? 2010ರ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲದ ವೃದ್ಧರಲ್ಲಿ, ಈ ಚಿಕಿತ್ಸೆ ಇಲ್ಲದವರು ವರ್ಷದೊಳಗೆ ನೂರಕ್ಕೆ 50.7, ಮಾಡಿಸಿಕೊಂಡವರು 30.7 ತೀರಿಕೊಂಡರು. ಅದೇ ಅಧ್ಯಯನದಲ್ಲಿ, ಮೊದಲ ತಿಂಗಳ ದೊಡ್ಡ ಪಾರ್ಶ್ವವಾಯು ನೂರಕ್ಕೆ 1.1ರಿಂದ 5ಕ್ಕೆ ಏರಿತ್ತು. ಆಮೇಲೆ ಕವಾಟಗಳೂ ಕೊಳವೆಗಳೂ ಸುಧಾರಿಸಿ ಅದು ಬಹಳ ಇಳಿದಿದೆ. ಜೀವವೂ ಉಳಿಯಿತು, ಕೈಕಾಲೂ ಬಿದ್ದವು, ಒಂದೇ ಲೆಕ್ಕದ ಪುಸ್ತಕದಲ್ಲಿ. ಎರಡನ್ನೂ ಓದಿ ಹೇಳಬೇಕಾದ್ದು ನಮ್ಮ ಕೆಲಸ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಬರೆಯುತ್ತೇನೆ.

ಶಾಲಾ ಶಿಕ್ಷಕಿಯೊಬ್ಬರು ಹಾಸನದ ಸುದ್ದಿ ಎತ್ತಿದರು. 2025ರಲ್ಲಿ ಅಲ್ಲಿ ಯುವಕರ ಸಾವಿನ ಸುದ್ದಿ ಬಂದಾಗ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ಇತ್ತು. ತಮಗೇನೂ ನೋವಿಲ್ಲ, ಒಮ್ಮೆ ಆಂಜಿಯೋಗ್ರಾಂ ಮಾಡಿಸಿ ನೋಡಲೇ ಎಂದು ಕೇಳಿದರು. ಬೇಡ ಎಂದೆ. ಸಾವಿರದಲ್ಲಿ ಒಂದು ಅಪಾಯ ಸಣ್ಣದು, ಆದರೆ ಬದಲಿಗೆ ಏನಾದರೂ ಸಿಗಬೇಕಲ್ಲ. ಐವತ್ತರ ವಯಸ್ಸಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಬ್ಲಾಕ್ ಬಹಳ ಜನರಲ್ಲಿ ಕಾಣುತ್ತದೆ. ಕಂಡ ಮೇಲೆ ಸುಮ್ಮನಿರಲು ಯಾರಿಗೂ ಆಗುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಅವರನ್ನು ಕರೆತನ್ನಿ ಎಂದೆ. ಪಕ್ಕದಲ್ಲಿ ಕುಳಿತಿದ್ದ ಅವರ ಯಜಮಾನರು ಕಿಟಕಿಯ ಕಡೆ ನೋಡಿದರು.

ಫಾರಿನ್ ಸ್ಟೆಂಟ್ ಒಳ್ಳೆಯದೋ ನಮ್ಮದೋ ಎಂದು ಒಬ್ಬರು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮುಂಚೆ ಲಕ್ಷ ದಾಟಿಸಿ ಮಾರಿದ್ದನ್ನು ನಾನು ಕಂಡಿದ್ದೇನೆ. ಸೂರತ್‌ನ ಕಂಪನಿಯೊಂದರ ಸ್ಟೆಂಟನ್ನು ಯುರೋಪಿನ 1,435 ರೋಗಿಗಳಲ್ಲಿ ಹೆಸರಾಂತ ವಿದೇಶಿ ಸ್ಟೆಂಟಿನ ಜೊತೆ ಹೋಲಿಸಿ ನೋಡಿದರು. ಒಂದು ವರ್ಷದಲ್ಲಿ ಅದು ಹಿಂದೆ ಬೀಳಲಿಲ್ಲ ಎಂದು 2019ರಲ್ಲಿ ವರದಿಯಾಯಿತು. ಸ್ಟೆಂಟಿನ ದೇಶ ಕೇಳುವುದಕ್ಕಿಂತ ಹಾಕುವವರು ವರ್ಷಕ್ಕೆ ಎಷ್ಟು ಮಾಡುತ್ತಾರೆ, ಕೈಯಿಂದ ಮಾಡುತ್ತಾರೋ ತೊಡೆಯಿಂದಲೋ ಎಂದು ಕೇಳಿ ಎಂದೆ. ಕೇಳಿದರೆ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲವೇ ಎಂದರು. ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಕುರ್ಚಿಗಳನ್ನು ಮಡಚುತ್ತಿದ್ದಾಗ ಹಿಂದಿನ ಸಾಲಿನ ಹಿರಿಯರೊಬ್ಬರು ವೇದಿಕೆಯ ಹತ್ತಿರ ಬಂದರು. ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಸ್ಟೆಂಟ್ ಕಾರ್ಡು. ಹಾಕಿಸಿ ನಾಲ್ಕು ತಿಂಗಳು. "ನಾಳೆ ಹಲ್ಲು ಕೀಳಿಸುವುದಿದೆ. ಎರಡು ಮಾತ್ರೆಯನ್ನೂ ಮೊನ್ನೆಯಿಂದ ಬಿಟ್ಟಿದ್ದೇನೆ" ಎಂದರು.

ನಾನು ಮೈಕಿನವನ ಹತ್ತಿರ ನೀರಿನ ಬಾಟಲಿ ತರಿಸಿದೆ. ಮಾತ್ರೆ ಎಲ್ಲಿ ಎಂದೆ. ಮನೆಯಲ್ಲಿವೆ ಎಂದರು. ಗ್ರಂಥಾಲಯದ ಎದುರಿಗೇ ಮೆಡಿಕಲ್ ಶಾಪ್, ಭಾನುವಾರ ಅರ್ಧ ದಿನ ತೆರೆದಿರುತ್ತದೆ. ಕಾರ್ಡಿನ ಹಿಂದೆ ಬರೆದಿದ್ದ ಎರಡು ಹೆಸರನ್ನೂ ತೋರಿಸಿ ತಂದು, ಅಲ್ಲಿಯೇ ಮೆಟ್ಟಿಲ ಮೇಲೆ ಕೂರಿಸಿ ನುಂಗಿಸಿದೆ. ಹಲ್ಲಿನ ವೈದ್ಯರಿಗೆ ಅವರ ಫೋನಿನಿಂದಲೇ ಕರೆ ಮಾಡಿದೆ. ಚಿಕ್ಕ ವಯಸ್ಸಿನ ಹುಡುಗಿ, ಸಾವಧಾನವಾಗಿ ಕೇಳಿದರು. "ಮಾತ್ರೆ ನಿಲ್ಲಿಸದೆಯೇ ಕೀಳಬಹುದು ಸಾರ್, ಹೊಲಿಗೆ ಹಾಕಿ ಹತ್ತಿ ಒತ್ತಿದರೆ ರಕ್ತ ನಿಲ್ಲುತ್ತದೆ. ಸ್ಟೆಂಟ್ ಹಾಕಿಸಿದ್ದಾರೆ ಎಂದು ಅವರು ನನಗೆ ಹೇಳಲೇ ಇಲ್ಲ" ಎಂದರು. ನಾನು ಹಿರಿಯರ ಕಡೆ ತಿರುಗಿದೆ.

"ಅವರು ಹಲ್ಲಿನ ಡಾಕ್ಟರಲ್ಲವೇ" ಎಂದರು ಅವರು, ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಸೇರಿಸುತ್ತ. "ಹೃದಯದ ವಿಷಯ ಅವರಿಗೆ ಯಾಕೆ ಹೇಳಲಿ?"